ಒದ್ದೆ ಮೂಗಿನ ಸಾಕ್ಷ್ಯ

ಆರೋಗ್ಯವಾಗಿರುವ ನಾಯಿಯ ಮೂಗಿನ ತುದಿ ಅದು ಎಚ್ಚರವಾಗಿರುವಾಗ ಒದ್ದೆಯಾಗಿ, ಮುಟ್ಟಿದರೆ ತಣ್ಣಗಿರುತ್ತದೆ ಎಂಬುದು ನಾಯಿ ಸಾಕಿದ ಮನೆಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಅದು ಹಾಗೇಕೆ ಎಂಬುದನ್ನು ಪ್ರಯೋಗಕ್ಕೆ ಒಡ್ಡಿ, ಅಳೆದು ಉತ್ತರ ಹೇಳುವ ಯತ್ನಗಳು ಬಹುಮಟ್ಟಿಗೆ ಕಳೆದ ಅರ್ಧ ಶತಮಾನದವು. ಅದಕ್ಕೂ ಮೊದಲು ಯುರೋಪಿನ ಜನಪದರು ಈ ಪ್ರಶ್ನೆಗೆ ಒಂದು ಕಥೆಯಿಂದಲೇ ಸಮಾಧಾನ ಹೇಳಿಕೊಂಡಿದ್ದರು. ಮಹಾಪ್ರಳಯದ ಕಾಲದಲ್ಲಿ ನೋಹನ ನಾವೆಗೆ ತೂತು ಬಿದ್ದಾಗ ನಾಯಿ ತನ್ನ ಮೂಗನ್ನೇ ಆ ತೂತಿಗೆ ಒತ್ತಿ ಹಿಡಿದು ನೀರು ನುಗ್ಗದಂತೆ ತಡೆಯಿತೆಂದೂ, ಅಂದಿನಿಂದ ಅದರ ಸಂತತಿಯ ಮೂಗು ಒದ್ದೆಯಾಗಿಯೇ ಉಳಿಯಿತೆಂದೂ ಆ ಕಥೆ ಹೇಳುತ್ತದೆ. ಕಾರಣ ತಿಳಿಯುವ ತನಕ ಮನುಷ್ಯನೇನೂ ಆ ಮೂಗನ್ನು ಬಳಸದೆ ಕಾದು ಕೂತಿರಲಿಲ್ಲ. ಕದ್ದವನ, ಓಡಿಹೋದವನ, ಕೊಂದವನ ಹೆಜ್ಜೆಯ ವಾಸನೆಯನ್ನು ನಾಯಿಗೆ ಹಿಡಿಸಿ ಬೆನ್ನಟ್ಟುವ ಪದ್ಧತಿ ಬ್ರಿಟನ್ನಿನಲ್ಲಿ ಆರು ಶತಮಾನಗಳಿಗೂ ಹಿಂದೆ ಬೇರೂರಿ, ಅಲ್ಲಿಂದ ಕಡಲು ದಾಟಿ, ಕೊನೆಗೆ ಭಾರತದ ನ್ಯಾಯಾಲಯಗಳ ಕಟಕಟೆಯವರೆಗೂ ಬಂದಿತು. ಈ ಪದ್ಧತಿಯ ಇತಿಹಾಸದಲ್ಲಿ ಎದ್ದು ಕಾಣುವುದು ಒಂದು ವಿಚಿತ್ರ ಅವಸರ. ನಾಯಿಯ ಮೂಗು ಹೇಗೆ ಕೆಲಸ ಮಾಡುತ್ತದೆಂಬುದು ಗೊತ್ತಾಗುವ ಬಹಳ ಮೊದಲೇ, ಅದು ತೋರಿಸಿದ್ದನ್ನು ಎಷ್ಟು ನಂಬಬಹುದೆಂಬುದನ್ನು ಜನ ತೀರ್ಮಾನಿಸಿಬಿಟ್ಟಿದ್ದರು.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬೇರೆ ಬೇರೆ ರಾಜ್ಯಗಳಾಗಿದ್ದ ಕಾಲದಲ್ಲಿ ಅವುಗಳ ನಡುವಣ ಗಡಿಸೀಮೆ ದನಗಳ್ಳರ ಬೀಡಾಗಿತ್ತು. ಬೇಸಾಯಕ್ಕೆ ಒದಗದ ಗುಡ್ಡ, ಜೌಗು ಮತ್ತು ಹುಲ್ಲುಗಾವಲುಗಳಿಂದ ತುಂಬಿದ, ಎರಡೂ ಕಡೆಯ ಸೈನ್ಯಗಳು ಸರದಿಯಂತೆ ಬಂದು ಸುಟ್ಟು ಹೋಗುತ್ತಿದ್ದ ಆ ನೆಲದಲ್ಲಿ ದನವೇ ಆಸ್ತಿಯಾಗಿದ್ದು, ರಾತ್ರೋರಾತ್ರಿ ಪರರ ದನ ಹೊಡೆದುಕೊಂಡು ಬರುವುದು ಎಷ್ಟೋ ಮನೆತನಗಳಿಗೆ ತಲೆತಲಾಂತರದ ಕಸುಬಾಗಿತ್ತು. ಈ ಕಸುಬಿನವರನ್ನು ಅಲ್ಲಿ ರೀವರ್‌ಗಳೆಂದು ಕರೆಯುತ್ತಿದ್ದರು. ಕನ್ನಡದ ವೀರಗಲ್ಲುಗಳಲ್ಲಿ ‘ತುರುಗೊಳ್’ ಎಂದು ಮತ್ತೆ ಮತ್ತೆ ಕಾಣುವ ಕೃತ್ಯವೂ ಇದೇ ಬಗೆಯದಾದರೂ, ಇಲ್ಲಿ ತುರು ಬಿಡಿಸಲು ಹೋಗಿ ಸತ್ತವನಿಗೆ ಊರು ಕಲ್ಲು ನೆಟ್ಟು ಸುಮ್ಮನಾಯಿತು, ಅಲ್ಲಿ ಬೆನ್ನಟ್ಟುವುದಕ್ಕೇ ಒಂದು ಕಾನೂನು ಬೆಳೆಯಿತು. 1249ರಲ್ಲಿ ಎರಡೂ ರಾಜ್ಯಗಳ ತಲಾ ಹನ್ನೆರಡು ಮಂದಿ ನೈಟ್‌ಗಳು ಸೇರಿ ಗಡಿಯ ರೂಢಿಗಳನ್ನು ಬರಹಕ್ಕಿಳಿಸಿದರು. ಮುಂದಿನ ಶತಮಾನಗಳಲ್ಲಿ ಗಡಿಯ ಎರಡೂ ಪಕ್ಕಗಳನ್ನು ಮೂಡಣ, ನಡುವಣ, ಪಡುವಣವೆಂದು ಮೂರು ಮೂರು ‘ಮಾರ್ಚ್’ಗಳಾಗಿ, ಅಂದರೆ ಗಡಿ ಆಡಳಿತದ ವಿಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ವಾರ್ಡನ್ ಎಂಬ ಅಧಿಕಾರಿಯನ್ನು ನೇಮಿಸುವ ವ್ಯವಸ್ಥೆ ಗಟ್ಟಿಗೊಂಡಿತು.

ಈ ಗಡಿ ಕಾನೂನಿನ ಅತ್ಯಂತ ಸ್ವಾರಸ್ಯಕರವಾದ ಕಟ್ಟಳೆಗೆ ‘ಹಾಟ್ ಟ್ರಾಡ್’ ಎಂದು ಹೆಸರು. ದನ ಕಳೆದುಕೊಂಡವನು ಕಳವಾದ ಆರು ದಿನಗಳೊಳಗೆ ತನ್ನ ನಂಟರಿಷ್ಟರನ್ನು ಕೂಡಿಕೊಂಡು, ಆಯುಧ ಹಿಡಿದು, ಗಡಿ ದಾಟಿ ಪರರಾಜ್ಯದೊಳಕ್ಕೂ ಕಳ್ಳರನ್ನು ಅಟ್ಟಿಕೊಂಡು ಹೋಗಬಹುದಾಗಿತ್ತು. ಆದರೆ ಅವನು ಹೋಗುವುದು ಗುಟ್ಟಾಗಿ ಅಲ್ಲ, ನಾಯಿ ಮತ್ತು ಕೊಂಬಿನೊಡನೆ, ಕೂಗು ಹಾಕುತ್ತ, ಈಟಿಯ ತುದಿಗೆ ಉರಿಯುವ ಪೀಟ್ ಹೆಂಟೆಯನ್ನು ಸಿಕ್ಕಿಸಿಕೊಂಡು ಹೋಗಬೇಕಿತ್ತು. ಪೀಟ್ ಎಂದರೆ ಜೌಗಿನಲ್ಲಿ ಕೊಳೆತು ಗಟ್ಟಿಯಾದ ಸಸ್ಯದ ಮಣ್ಣು. ಆ ಸೀಮೆಯ ಬಡವರ ಒಲೆಗೆ ಅದೇ ಉರುವಲು. ಇವರು ದೋಚಲು ಬಂದವರಲ್ಲ, ಕಳೆದದ್ದನ್ನು ಹುಡುಕಲು ಬಂದವರು ಎಂಬುದಕ್ಕೆ ಆ ಬೆಂಕಿಯೇ ಗುರುತಾಗಿತ್ತು. ದಾರಿಯಲ್ಲಿ ಎದುರಾದವರನ್ನು ಜೊತೆಗೆ ಕರೆದರೆ ಅವರು ಬರಬೇಕು, ತಡೆದರೆ ಅದು ಅಪರಾಧ.

ಈ ಬೆನ್ನಟ್ಟುವಿಕೆಯಲ್ಲಿ ದಾರಿ ತೋರಿಸುತ್ತಿದ್ದುದು ‘ಸ್ಲೂತ್ ಹೌಂಡ್’ ಎಂಬ ನಾಯಿ, ಅಂದರೆ ಜಾಡಿನ ನಾಯಿ. ಇಂದಿನ ಬ್ಲಡ್‌ಹೌಂಡ್ ತಳಿಯ ಹಿರೀಕರಲ್ಲಿ ಒಂದೆಂದು ಎಣಿಸಲಾಗುವ ಈ ನಾಯಿಗೆ ಸ್ಕಾಟ್ಲೆಂಡಿನ ಕಾನೂನು ಕೊಟ್ಟಿದ್ದ ಸ್ಥಾನ ಸಣ್ಣದಲ್ಲ. 1527ರಲ್ಲಿ ಲ್ಯಾಟಿನ್ನಿನಲ್ಲಿ ಸ್ಕಾಟ್ಲೆಂಡಿನ ಇತಿಹಾಸ ಬರೆದ ಹೆಕ್ಟರ್ ಬೋಯಿಸ್ ಹೇಳುವಂತೆ, ಕಳ್ಳನ ಬೆನ್ನುಹತ್ತಿ ಬಂದ ಸ್ಲೂತ್ ಹೌಂಡ್ ತನ್ನ ಮನೆಯೊಳಕ್ಕೆ ಬರುವುದನ್ನು ಯಾರು ತಡೆಯುತ್ತಾರೋ ಅವರು ಆ ಕಳವಿನಲ್ಲಿ ಪಾಲುದಾರರೆಂದೇ ಪರಿಗಣಿತರಾಗುತ್ತಿದ್ದರು. ನಾಯಿ ಬಾಗಿಲಿಗೆ ಬಂದು ನಿಂತರೆ ಬಾಗಿಲು ತೆರೆಯಲೇಬೇಕೆಂಬ ಈ ಕಟ್ಟಳೆ ಸಾಮಾನ್ಯ ಮಾತಲ್ಲ. ಇಂದು ಪೊಲೀಸ್ ಅಧಿಕಾರಿ ಹಿಡಿದು ಬರುವ ಶೋಧನಾ ವಾರಂಟಿನ ಅಧಿಕಾರವನ್ನು ಅಂದು ಒಂದು ಪ್ರಾಣಿಯ ಮೂಗಿಗೆ ವಹಿಸಲಾಗಿತ್ತು. 1603ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿಗೂ ಅರಸನಾಗಿ ಗಡಿಗೆ ಅರ್ಥವೇ ಇಲ್ಲವಾದ ಮೇಲೆಯೂ ಕಳವು ಕೂಡಲೇ ನಿಲ್ಲಲಿಲ್ಲ. 1616ರಲ್ಲಿ ಹೊರಟ ಆಜ್ಞೆಯೊಂದು ಕಂಬರ್ಲೆಂಡಿನ ಗಡಿಯೂರುಗಳಲ್ಲಿ ಜಾಡಿನ ನಾಯಿಗಳನ್ನು ಇಡಬೇಕೆಂದೂ, ಅವುಗಳ ಖರ್ಚನ್ನು ಆಯಾ ಊರಿನವರೇ ಭರಿಸಬೇಕೆಂದೂ ವಿಧಿಸಿತು. ಹೀಗೆ ನಾಯಿಯ ಮೂಗು ಊರೊಟ್ಟಿನ ತೆರಿಗೆಯ ಬಾಬತ್ತೂ ಆಯಿತು.

ನಾಯಿಯನ್ನು ಶಾಸನದಲ್ಲಿ ನೆನೆದ ಬೇರೆ ನಾಡುಗಳೂ ಉಂಟು. ಕನ್ನಡ ನಾಡಿನಲ್ಲಿ ಇದಕ್ಕೆ ಆರು ಶತಮಾನ ಮೊದಲೇ, ಕ್ರಿ.ಶ. 950ರ ಸುಮಾರಿಗೆ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಗಂಗರ ಅರಸ ಬೂತುಗನ ಬಳಿಯಿದ್ದು ಅವನ ಯೋಧ ಮಣಲೇರನಿಗೆ ದೊರೆತ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದಕ್ಕೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಗಿತ್ತು. ಆದರೆ ಆತಕೂರಿನ ಕಲ್ಲು ಗೌರವಿಸಿದ್ದು ನಾಯಿಯ ಕಲಿತನವನ್ನು. ಸ್ಕಾಟಿಷ್ ಗಡಿಯ ಕಟ್ಟಳೆ ಗೌರವಿಸಿದ್ದು ಅದರ ಮಾತನ್ನು. ಇವೆರಡೂ ಬೇರೆ ಬೇರೆ ಬಗೆಯ ನಂಬಿಕೆಗಳು.

ನಂಬಿಕೆ ಇದ್ದಲ್ಲಿ ಅದನ್ನು ವಂಚಿಸುವ ಉಪಾಯಗಳೂ ಹುಟ್ಟುತ್ತವೆ. ಜಾನ್ ಬಾರ್ಬರ್ ಎಂಬ ಕವಿ 1375ರ ಸುಮಾರಿಗೆ ಬರೆದ, ರಾಬರ್ಟ್ ಬ್ರೂಸ್ ಅರಸನ ಚರಿತ್ರೆಯನ್ನು ಹೇಳುವ ಕಾವ್ಯದಲ್ಲಿ, ತಲೆಮರೆಸಿಕೊಂಡಿದ್ದ ಬ್ರೂಸನನ್ನು ಹಿಡಿಯಲು ವೈರಿಗಳು ಒಂದು ಕಾಲಕ್ಕೆ ಅವನದೇ ಆಗಿದ್ದ ಸ್ಲೂತ್ ಹೌಂಡನ್ನು ಬಿಡುತ್ತಾರೆ; ಬ್ರೂಸ್ ಒಂದು ತೊರೆಗಿಳಿದು ನೀರಿನಲ್ಲೇ ನಡೆದು ಜಾಡು ಕತ್ತರಿಸುತ್ತಾನೆ. ಅದೇ ಕವಿ, ನಾಯಿಯನ್ನು ಬಾಣದಿಂದ ಕೊಂದದ್ದರಿಂದ ಅರಸ ಪಾರಾದನೆಂದು ಹೇಳುವವರೂ ಉಂಟೆಂದು ಇನ್ನೊಂದು ಪಾಠವನ್ನೂ ಸೇರಿಸುತ್ತಾನೆ. ಹದಿನಾಲ್ಕನೆಯ ಶತಮಾನದ ಕವಿಯೊಬ್ಬ ಇತಿಹಾಸಕಾರನಂತೆ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟಿರುವುದು ಮೆಚ್ಚತಕ್ಕದ್ದು. ಏನಾದರೂ ಇರಲಿ, ಹರಿಯುವ ನೀರು ಜಾಡನ್ನು ಕೆಡಿಸುತ್ತದೆಂಬ ತಿಳಿವಳಿಕೆ ಆಗಲೇ ಮನೆಮಾತಾಗಿತ್ತೆಂಬುದಕ್ಕೆ ಆ ಕಾವ್ಯವೇ ಆಧಾರ.

ಕೇಂಬ್ರಿಜ್ಜಿನ ವೈದ್ಯ ಜಾನ್ ಕೈಯಸ್ 1570ರಲ್ಲಿ ಪ್ರಕಟಿಸಿದ, ಬ್ರಿಟಿಷ್ ನಾಯಿಗಳನ್ನು ಕುರಿತ ಲ್ಯಾಟಿನ್ ಹೊತ್ತಗೆ ಈ ಕಸುಬಿನ ಒಳಗುಟ್ಟುಗಳನ್ನು ಹತ್ತಿರದಿಂದ ತೋರಿಸುತ್ತದೆ. ದನಗಳ್ಳತನ ಹೆಚ್ಚಾದ ಗಡಿಯ ಉದ್ದಕ್ಕೂ ಈ ನಾಯಿಗಳನ್ನು ಸಾಕುತ್ತಿದ್ದರೆಂದೂ, ಕಳ್ಳರು ಇರುಳಿನಲ್ಲಿ ತಿರುಗುವವರಾದ್ದರಿಂದ ನಾಯಿಗಳನ್ನು ಹಗಲೆಲ್ಲ ಕತ್ತಲೆಯ ಗೂಡಿನಲ್ಲಿ ಕೂಡಿಹಾಕಿ ರಾತ್ರಿ ಹೊರಬಿಟ್ಟು ಕತ್ತಲೆಗೆ ಪಳಗಿಸುತ್ತಿದ್ದರೆಂದೂ, ಕಳ್ಳ ನದಿ ದಾಟಿದರೆ ನಾಯಿಯೂ ಈಜಿ ಆಚೆ ದಡವನ್ನು ಸೇರಿ, ಕಡಿದುಹೋದ ವಾಸನೆ ಮತ್ತೆ ಸಿಕ್ಕುವ ತನಕ ಅತ್ತಿತ್ತ ಸುತ್ತಾಡಿ ಹುಡುಕುತ್ತಿತ್ತೆಂದೂ ಕೈಯಸ್ ಬರೆಯುತ್ತಾನೆ. ಬ್ರೂಸನ ಉಪಾಯಕ್ಕೆ ನಾಯಿ ಸಾಕುವವರು ಕಂಡುಕೊಂಡ ಮರು ಉಪಾಯ ಇದು. ಇಂದಿಗೂ ಜಾಡು ಕಳೆದುಕೊಂಡ ನಾಯಿಯನ್ನು ಸುತ್ತು ಹಾಕಿಸಿ ಮತ್ತೆ ಜಾಡಿಗೆ ಹಚ್ಚುವ ಕ್ರಮ ತರಬೇತಿಯಲ್ಲಿ ಇದ್ದೇ ಇದೆ.

ನಾಯಿ ಹಿಡಿಯುವುದು ಏನನ್ನು ಎಂಬ ಪ್ರಶ್ನೆಗೆ ಬಂದವರಲ್ಲಿ ಮುಖ್ಯನಾದವನು ರಸಾಯನಶಾಸ್ತ್ರದ ಪಿತಾಮಹರಲ್ಲಿ ಒಬ್ಬನೆನಿಸಿದ ರಾಬರ್ಟ್ ಬಾಯ್ಲ್. ಎಲ್ಲ ವಸ್ತುಗಳಿಂದಲೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಸದಾ ಹೊರಸೂಸುತ್ತಿರುತ್ತವೆ ಎಂದು ವಾದಿಸಲು 1673ರಲ್ಲಿ ಆತ ಹೊರತಂದ ಪ್ರಬಂಧಗಳಲ್ಲಿ ಬ್ಲಡ್‌ಹೌಂಡಿನ ಒಂದು ಪರೀಕ್ಷೆಯ ವೃತ್ತಾಂತವಿದೆ. ಶ್ರೀಮಂತನೊಬ್ಬ ತನ್ನ ಎಳೆಯ ನಾಯಿ ಪಳಗಿದೆಯೇ ಎಂದು ನೋಡಲು ಆಳೊಬ್ಬನನ್ನು ನಾಲ್ಕು ಮೈಲಿ ದೂರದ ಊರಿಗೂ, ಅಲ್ಲಿಂದ ಮೂರು ಮೈಲಿ ಆಚೆಯ ಸಂತೆಪೇಟೆಗೂ ನಡೆಸಿದ; ಸ್ವಲ್ಪ ಹೊತ್ತಿನ ಮೇಲೆ ಬಿಟ್ಟ ನಾಯಿ, ಅದೇ ದಾರಿಯಲ್ಲಿ ಸಂತೆಗೆ ಹೋಗುತ್ತಿದ್ದ ಜನರನ್ನೂ ಅಡ್ಡ ಹಾಯ್ದವರನ್ನೂ ಲೆಕ್ಕಿಸದೆ, ಪೇಟೆಯ ಬೀದಿಗಳನ್ನು ಹಾದು, ಆ ಆಳು ಕುಳಿತು ವಿಶ್ರಮಿಸುತ್ತಿದ್ದ ಮನೆಯ ಮಹಡಿಯ ಕೋಣೆಯವರೆಗೂ ಹೋಯಿತಂತೆ. ಬಾಯ್ಲನಿಗೆ ಬೇಕಾಗಿದ್ದುದು ನಾಯಿಯಲ್ಲ, ಕಣ; ಬೂಟು ತೊಟ್ಟ ಕಾಲಿನಿಂದ ನೆಲಕ್ಕೆ ಅಂಟಿದ ಅಷ್ಟು ಅಲ್ಪವಾದದ್ದು ಗಂಟೆಗಟ್ಟಲೆ ಉಳಿದು ಒಬ್ಬನನ್ನು ಮತ್ತೊಬ್ಬನಿಂದ ಬೇರೆಮಾಡಿ ತೋರಿಸಬಲ್ಲುದಾದರೆ ವಸ್ತು ಎಷ್ಟು ಸೂಕ್ಷ್ಮವಾಗಿ ಒಡೆಯಬಲ್ಲದೆಂದು ಹೇಳುವುದು ಅವನ ಉದ್ದೇಶವಾಗಿತ್ತು. ಊಹೆ ದಿಕ್ಕು ತಪ್ಪಲಿಲ್ಲ. ಮನುಷ್ಯನ ಮೈಯಿಂದ ಸದಾ ಉದುರುವ ಚರ್ಮದ ಸೂಕ್ಷ್ಮ ಚೂರುಗಳು, ಬೆವರು, ಅವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಹೊರಬಿಡುವ ಆವಿ, ತುಳಿದ ಹುಲ್ಲು ಮತ್ತು ಕದಡಿದ ಮಣ್ಣಿನ ವಾಸನೆ ಇವೆಲ್ಲ ಕೂಡಿದ್ದೇ ಜಾಡೆಂದು ಇಂದು ತಿಳಿಯಲಾಗಿದೆ. ಬ್ಯಾಕ್ಟೀರಿಯಾಗಳಿಗೆ ತೇವ ಬೇಕಾದ್ದರಿಂದ, ಬಿರುಬಿಸಿಲಿನಲ್ಲಿ ಒಣಗಿದ ನೆಲಕ್ಕಿಂತ ಇಬ್ಬನಿ ಬಿದ್ದ ಬೆಳಗಿನ ನೆಲದಲ್ಲಿ ಜಾಡು ಚೆನ್ನಾಗಿ ನಿಲ್ಲುತ್ತದೆಂಬ ಬೇಟೆಗಾರರ ಹಳೆಯ ಅನುಭವಕ್ಕೂ ಅರ್ಥ ಸಿಕ್ಕಿತು.

ಇನ್ನು ಮೂಗಿನದೇ ತೇವದ ಮಾತು. ಇಲ್ಲಿ ಹೊರಗಿನ ಒದ್ದೆ ಬೇರೆ, ಒಳಗಿನ ಒದ್ದೆ ಬೇರೆ ಎಂಬುದನ್ನು ಮೊದಲೇ ಬಿಡಿಸಿಕೊಳ್ಳಬೇಕು, ಏಕೆಂದರೆ ಜನಪ್ರಿಯ ಬರಹಗಳು ಇವೆರಡನ್ನೂ ಕಲಸಿಬಿಡುತ್ತವೆ. ನಾಯಿಯ ಮೂಗಿನ ತುದಿಯ, ಕೂದಲಿಲ್ಲದ, ಸಣ್ಣ ಸಣ್ಣ ಗೀರುಗಳ ಚರ್ಮಕ್ಕೆ ಶಾಸ್ತ್ರಜ್ಞರು ರೈನೇರಿಯಂ ಎನ್ನುತ್ತಾರೆ. ಆ ಗೀರುಗಳ ವಿನ್ಯಾಸ ಪ್ರತಿ ನಾಯಿಗೂ ಬೇರೆಯಾದ್ದರಿಂದ ಕೆನಡಾದ ಕೆನಲ್ ಕ್ಲಬ್ 1938ರಿಂದಲೇ ಮೂಗಿನ ಅಚ್ಚನ್ನು ನಾಯಿಯ ಗುರುತಾಗಿ ಒಪ್ಪುತ್ತ ಬಂದಿದೆ. ಈ ತುದಿಯ ಚರ್ಮ ತಾನಾಗಿ ಬೆವರುವುದಿಲ್ಲ. ನಾಯಿ ಆಗಾಗ ಮೂಗನ್ನು ನೆಕ್ಕಿಕೊಳ್ಳುವುದರಿಂದ ಒಂದಿಷ್ಟು, ಕಣ್ಣೀರಿನ ನಾಳದಿಂದ ಇಳಿಯುವುದು ಒಂದಿಷ್ಟು, ಮೂಗಿನ ಪಕ್ಕದ ಗೋಡೆಯಲ್ಲಿರುವ ಗ್ರಂಥಿಯೊಂದು ಹೊಳ್ಳೆಯ ಬಾಯಿಗೆ ತಂದು ಸುರಿಯುವುದು ಒಂದಿಷ್ಟು ಸೇರಿ ಅಲ್ಲಿ ತೇವ ನಿಲ್ಲುತ್ತದೆ. ಈ ಗ್ರಂಥಿಗೆ ಹದಿನೇಳನೆಯ ಶತಮಾನದ ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸನ್ನನ ಹೆಸರಿದೆ. ಆದರೆ ಅದರ ಕೆಲಸ ಏನೆಂಬುದು ಸ್ಪಷ್ಟವಾದದ್ದು 1972ರಲ್ಲಿ, ಸೆಕೆ ಏರಿ ನಾಯಿ ಏದುಸಿರು ಬಿಡತೊಡಗಿದಂತೆ ಅದರ ಸ್ರಾವವೂ ಏರುತ್ತದೆಂದು ಅಮೆರಿಕದ ಸಂಶೋಧಕರು ಅಳೆದು ತೋರಿಸಿದಾಗ. ಮನುಷ್ಯನಂತೆ ಮೈಯೆಲ್ಲ ಬೆವರಲಾರದ ನಾಯಿ ಈ ನೀರನ್ನು ಆವಿಯಾಗಿಸಿ ತನ್ನ ತಾಪ ಇಳಿಸಿಕೊಳ್ಳುತ್ತದೆ.

ತಂಪಿನ ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲವೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಸುತ್ತಲಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಎಚ್ಚರವಾಗಿರುವ ನಾಯಿಯ ಮೂಗಿನ ತುದಿ ಅದಕ್ಕಿಂತ ಸುಮಾರು 5 ಡಿಗ್ರಿ ತಣ್ಣಗಿರುತ್ತದೆಂದು 2017ರ ಅಳತೆ ಹೇಳಿತು. ಇಷ್ಟು ತಂಪಾದ, ನರಗಳು ಹೇರಳವಾಗಿರುವ ಭಾಗ ಬರಿಯ ಸ್ಪರ್ಶಕ್ಕೆಂದು ಇರಲಾರದೆಂಬ ಗುಮಾನಿಯಿಂದ ಅದೇ ತಂಡ ಬುಡಾಪೆಸ್ಟಿನವರ ಜೊತೆಗೂಡಿ ಮೂರು ನಾಯಿಗಳನ್ನು ಪಳಗಿಸಿ, 1.6 ಮೀಟರ್ ದೂರದಲ್ಲಿಟ್ಟ ಎರಡು ವಸ್ತುಗಳಲ್ಲಿ ಪ್ರಾಣಿಯ ಮೈಯಷ್ಟು ಬೆಚ್ಚಗಿರುವುದು ಯಾವುದೆಂದು ಅವು ಮೂಸದೆ, ನೋಡದೆ ಆರಿಸಬಲ್ಲವೆಂದು 2020ರಲ್ಲಿ ಪ್ರಕಟಿಸಿತು. ಗಾಳಿ ಬೀಸುವ ದಿಕ್ಕನ್ನು ತಿಳಿಯಲು ಬೇಟೆಗಾರ ಒದ್ದೆ ಬೆರಳನ್ನು ಮೇಲೆತ್ತಿ ಹಿಡಿಯುವಂತೆ, ಒದ್ದೆ ಮೂಗು ವಾಸನೆ ಬಂದ ದಿಕ್ಕನ್ನು ನಾಯಿಗೆ ತಿಳಿಸುತ್ತದೆಂಬ ವಿವರಣೆಯೂ ಬಹುಕಾಲದಿಂದ ಪ್ರಚಲಿತವಿದೆ. ವಾಸನೆಯನ್ನು ಗ್ರಹಿಸುವ ಪೊರೆ ಮಾತ್ರ ಈ ತುದಿಯಲ್ಲಿಲ್ಲ, ಮೂಗಿನ ಒಳ ಹಿಂಬದಿಯಲ್ಲಿದೆ. ಅದರ ಮೇಲೆ ಸದಾ ಹರಡಿರುವ ಲೋಳೆಯಲ್ಲಿ ಕರಗಿದ ಮೇಲೆಯೇ ಆವಿಯ ಕಣ ನರತಂತುವನ್ನು ಮುಟ್ಟುತ್ತದೆ; ಒಳಗೆಳೆದ ಗಾಳಿಯಲ್ಲಿ ಸುಮಾರು ಎಂಟನೆಯ ಒಂದು ಪಾಲು ಮಾತ್ರ ಉಸಿರಾಟದ ದಾರಿಯಿಂದ ಕವಲೊಡೆದು ಆ ಮೂಲೆಗೆ ಹೋಗುತ್ತದೆ, ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗಿ ಮುಂದಿರುವ ವಾಸನೆಯನ್ನು ಕೆಡಿಸದೆ ಬಿಡುತ್ತದೆ. ಸೆಕೆಗೆ ಬಾಯ್ದೆರೆದು ಏದುಸಿರು ಬಿಡುವ ನಾಯಿ ಅದೇ ಹೊತ್ತಿಗೆ ಚೆನ್ನಾಗಿ ಮೂಸಲಾರದು. ಹಾಗಾಗಿ ಹೊರಗಿನ ಒದ್ದೆ ವಾಸನೆ ಹಿಡಿಯುವ ಬಲೆ ಎನ್ನುವುದಕ್ಕಿಂತ, ಮೈಯನ್ನು ತಂಪಾಗಿಟ್ಟು ಮೂಸುವ ಕೆಲಸಕ್ಕೆ ಬಿಡುವು ಮಾಡಿಕೊಡುವ ಏರ್ಪಾಟು ಎನ್ನುವುದೇ ಹೆಚ್ಚು ಸರಿಯೆನಿಸುತ್ತದೆ.

ಜಾಡಿನ ನಾಯಿಯ ಇತಿಹಾಸದ ಕರಾಳ ಅಧ್ಯಾಯ ಕೆರಿಬಿಯನ್ ದ್ವೀಪಗಳಲ್ಲೂ ಅಮೆರಿಕದಲ್ಲೂ ನಡೆಯಿತು. ಜಮೈಕಾದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ನೆಲೆಸಿದವರ ವಂಶಜರಾದ ಮರೂನರು 1795ರಲ್ಲಿ ಬ್ರಿಟಿಷರ ವಿರುದ್ಧ ಎದ್ದಾಗ, ದ್ವೀಪದ ಆಡಳಿತ ಕ್ಯೂಬಾದಿಂದ ಸುಮಾರು ನೂರು ನಾಯಿಗಳನ್ನೂ ಅವುಗಳನ್ನು ನಡೆಸುವ ನಲವತ್ತು ಮಂದಿಯನ್ನೂ ತರಿಸಿತು. ಬ್ಲಡ್‌ಹೌಂಡೆಂದೇ ಕರೆಸಿಕೊಂಡರೂ ಈ ನಾಯಿಗಳು ಹೆಸರಾಗಿದ್ದುದು ಮೂಸುವುದಕ್ಕಿಂತ ಹೆಚ್ಚಾಗಿ ಕಚ್ಚುವುದಕ್ಕೆ. ಅವು ಬಂದವೆಂಬ ಸುದ್ದಿಯ ಭಯವೇ ಮರೂನರ ಶರಣಾಗತಿಯನ್ನು ಹತ್ತಿರ ತಂದಿತು. ಮನುಷ್ಯರ ಮೇಲೆ ನಾಯಿ ಬಿಡುವ ಈ ಕ್ರಮ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಖಂಡನೆಗೂ ಒಳಗಾಯಿತು. 1840ರಲ್ಲಿ ಫ್ಲೋರಿಡಾದ ಸೆಮಿನೋಲ್ ಮೂಲನಿವಾಸಿಗಳ ವಿರುದ್ಧ ಇದೇ ಪ್ರಯೋಗವನ್ನು ಮಾಡಲು ಹೋದ ಅಮೆರಿಕನ್ನರಿಗೆ ಜೌಗು ಉತ್ತರ ಕೊಟ್ಟಿತು. ನೀರು ನಿಂತ ನೆಲದಲ್ಲಿ ನಾಯಿಗಳು ಬಹುಮಟ್ಟಿಗೆ ಕೆಲಸಕ್ಕೆ ಬಾರದೆ ಹೋದವು. ಹನ್ನೆರಡು ವರ್ಷ ಗುಲಾಮನಾಗಿ ಬದುಕಿ ಬಿಡುಗಡೆಯಾದ ಸಾಲೊಮನ್ ನಾರ್ಥಪ್ 1853ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ಲೂಸಿಯಾನಾದಲ್ಲಿ ಒಮ್ಮೆ ನಾಯಿಗಳು ಬೆನ್ನು ಹತ್ತಿದಾಗ ನಿಧಾನವಾಗಿ ಹರಿಯುವ ಹೊಳೆಗೆ ಬಿದ್ದು ಈಜಿ ಜೌಗಿನೊಳಕ್ಕೆ ನುಗ್ಗಿ ಪಾರಾದುದನ್ನು ವಿವರವಾಗಿ ಬರೆದಿದ್ದಾನೆ. ಈಜು ಬಲ್ಲ ಗುಲಾಮರು ಅಲ್ಲಿ ವಿರಳವಾಗಿದ್ದರೆಂಬ ಅವನ ಮಾತು ನಾಯಿಯ ಕಥೆಗಿಂತ ಹೆಚ್ಚು ಕಲಕುವಂಥದ್ದು. ಬ್ರೂಸನೆಂಬ ಅರಸ ಮತ್ತು ನಾರ್ಥಪನೆಂಬ ಗುಲಾಮ, ಐದೂವರೆ ಶತಮಾನಗಳ ಅಂತರದಲ್ಲಿ, ಒಂದೇ ಉಪಾಯದಿಂದ ಉಳಿದುಕೊಂಡರು. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಗುಲಾಮಗಿರಿಯಿಂದ ಓಡಿಹೋಗುವ ಎಲೈಜಾ ಮಂಜುಗಡ್ಡೆಯ ನದಿ ದಾಟುವಾಗ ನಾಯಿಗಳೇ ಇಲ್ಲ. ಅವುಗಳನ್ನು ಆ ದೃಶ್ಯಕ್ಕೆ ತಂದು ಬಿಟ್ಟವರು ನಾಟಕ ಕಂಪನಿಯವರು, ಮತ್ತು ಜನರ ಮನಸ್ಸಿನಲ್ಲಿ ನಿಂತದ್ದು ಅವರು ತಂದ ನಾಯಿಗಳೇ.

ಹೊಲಗದ್ದೆ, ಗುಡ್ಡಗಾಡುಗಳಲ್ಲಿ ಹುಟ್ಟಿದ ಪದ್ಧತಿ ಮಹಾನಗರಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆ 1888ರ ಶರತ್ಕಾಲದ ಲಂಡನ್ನಿನಲ್ಲಿ ಎದ್ದಿತು. ವೈಟ್‌ಚಾಪೆಲ್ ಪ್ರದೇಶದಲ್ಲಿ ಹೆಂಗಸರ ಕೊಲೆಗಳು ಒಂದರ ಮೇಲೊಂದು ನಡೆದು, ಕೊಲೆಗಾರನ ಸುಳಿವು ಸಿಕ್ಕದೆ, ಪತ್ರಿಕೆಗಳು ಮೈಮೇಲೆ ಬಿದ್ದಾಗ ಪೊಲೀಸ್ ಕಮಿಷನರ್ ಸರ್ ಚಾರ್ಲ್ಸ್ ವಾರೆನ್ ಬ್ಲಡ್‌ಹೌಂಡುಗಳ ಮೊರೆಹೊಕ್ಕರು. ಸ್ಕಾರ್ಬರೋ ಊರಿನ ತಳಿಗಾರ ಎಡ್ವಿನ್ ಬ್ರೋ ತಂದ ಬಾರ್ನಬಿ ಮತ್ತು ಬರ್ಘೋ ಎಂಬ ಎರಡು ನಾಯಿಗಳನ್ನು ಅಕ್ಟೋಬರ್ 8ರ ಬೆಳಗ್ಗೆ ರೀಜೆಂಟ್ಸ್ ಪಾರ್ಕಿನಲ್ಲಿ, ನೆಲವೆಲ್ಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಾಗಿದ್ದ ಹೊತ್ತಿನಲ್ಲಿ ಪರೀಕ್ಷಿಸಲಾಯಿತು; ಹದಿನೈದು ನಿಮಿಷ ಮುಂದಾಗಿ ಹೊರಟ ವ್ಯಕ್ತಿಯ ಜಾಡನ್ನು ಅವು ಸುಮಾರು ಒಂದು ಮೈಲಿ ಹಿಡಿದುಕೊಂಡು ಹೋದವು. ಮರುದಿನ ಸ್ವತಃ ಕಮಿಷನರರೇ ಎರಡು ಸಲ ಅಪರಾಧಿಯ ಪಾತ್ರ ವಹಿಸಿ ನಾಯಿಗಳ ಮುಂದೆ ಓಡಿದರು. ನಗರದ ಪೊಲೀಸ್ ಮುಖ್ಯಸ್ಥ ಉದ್ಯಾನದಲ್ಲಿ ನಾಯಿಗೆ ಸಿಕ್ಕದಂತೆ ಓಡುವ ದೃಶ್ಯ ವ್ಯಂಗ್ಯಚಿತ್ರಕಾರರಿಗೆ ಹಬ್ಬದೂಟವೇ ಆಗಿರಬೇಕು. ಟೂಟಿಂಗಿನಲ್ಲಿ ನಾಯಿಗಳೇ ದಾರಿ ತಪ್ಪಿ ಕಳೆದುಹೋದವೆಂಬ ಸುಳ್ಳು ವದಂತಿಯನ್ನೂ ಪತ್ರಿಕೆಗಳು ಹಬ್ಬಿಸಿದವು. ಖರ್ಚುವೆಚ್ಚದ ವಿಚಾರ ಇತ್ಯರ್ಥವಾಗದೆ ಬ್ರೋ ತನ್ನ ನಾಯಿಗಳನ್ನು ಹಿಂದಕ್ಕೆ ಕರೆಸಿಕೊಂಡ.

ಈ ಪ್ರಸಂಗದ ಕೊನೆ ಕರುಣಾಜನಕವೂ ಹೌದು, ಆಡಳಿತದ ಅವಸ್ಥೆಗೆ ಕನ್ನಡಿಯೂ ಹೌದು. ಇನ್ನೊಂದು ಕೊಲೆಯಾದರೆ ನಾಯಿಗಳು ಬರುವ ತನಕ ಸ್ಥಳವನ್ನು ಯಾರೂ ತುಳಿಯಬಾರದೆಂಬ ಸೂಚನೆ ಜಾರಿಯಲ್ಲಿತ್ತು. ನವೆಂಬರ್ 9ರಂದು ಮಿಲ್ಲರ್ಸ್ ಕೋರ್ಟ್ ಎಂಬ ಓಣಿಯ ಕೋಣೆಯಲ್ಲಿ ಹೆಂಗಸೊಬ್ಬಳ ಹೆಣ ಕಿಟಕಿಯಿಂದ ಕಂಡಾಗ, ಪೊಲೀಸರೂ ವೈದ್ಯರೂ ಬಾಗಿಲ ಹೊರಗೆ ಮಧ್ಯಾಹ್ನ ಒಂದೂವರೆಯವರೆಗೆ, ಲಂಡನ್ನಿನಲ್ಲೇ ಇಲ್ಲದ ನಾಯಿಗಳಿಗಾಗಿ ಕಾದರು. ನಾಯಿಗಳು ಬರುವುದಿಲ್ಲವೆಂಬ ಸುದ್ದಿ ಬಂದ ಮೇಲೆ ಬಾಗಿಲನ್ನು ಒಡೆಯಲಾಯಿತು. ಆ ಸೂಚನೆಗೆ ಹೊಣೆಯಾಗಿದ್ದ ವಾರೆನ್ ಹಿಂದಿನ ದಿನವಷ್ಟೇ ರಾಜೀನಾಮೆ ಕೊಟ್ಟಿದ್ದರು. ಅಕ್ಟೋಬರಿನ ಪರೀಕ್ಷೆಗಳಲ್ಲಿ ನಾಯಿಗಳು ಸೋಲಲಿಲ್ಲ. ಆದರೆ ಇಬ್ಬನಿಯ ಉದ್ಯಾನಕ್ಕೂ ದಿನಕ್ಕೆ ಸಾವಿರಾರು ಜನ ತುಳಿದಾಡುವ ಕಲ್ಲುಹಾಸಿನ ಓಣಿಗೂ ನಡುವಣ ವ್ಯತ್ಯಾಸವನ್ನು ಯಾರೂ ಅಳೆಯಲು ಹೋಗಲಿಲ್ಲ.

ನಾಯಿಯ ಮಾತು ಗಡಿಯ ಗುಡಿಸಲಿನಿಂದ ನ್ಯಾಯಾಲಯಕ್ಕೆ ಕಾಲಿಟ್ಟದ್ದು ಅಮೆರಿಕದಲ್ಲಿ. 1898ರಲ್ಲಿ ಕೆಂಟುಕಿ ರಾಜ್ಯದ ಮೇಲ್ಮನವಿ ನ್ಯಾಯಾಲಯ, ನಾಯಿ ಶುದ್ಧ ತಳಿಯದೆಂದೂ, ಅದರ ಮೂಗು ಚುರುಕಾಗಿದೆಯೆಂದೂ, ಮನುಷ್ಯರ ಜಾಡು ಹಿಡಿಯಲು ಪಳಗಿ ಪರೀಕ್ಷೆಗೆ ನಿಂತಿದೆಯೆಂದೂ, ಅಪರಾಧಿ ಓಡಾಡಿದ್ದನೆನ್ನಲು ಆಧಾರವಿರುವ ಜಾಗದಿಂದಲೇ ಅದನ್ನು ಬಿಡಲಾಯಿತೆಂದೂ ಮೊದಲು ಸಾಬೀತಾದರೆ ಅಂಥ ಸಾಕ್ಷ್ಯವನ್ನು ಕೇಳಬಹುದೆಂದು ನಿಯಮ ಹಾಕಿಕೊಟ್ಟಿತು. ಐದೇ ವರ್ಷಗಳಲ್ಲಿ, 1903ರಲ್ಲಿ, ನೆಬ್ರಾಸ್ಕಾದ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತದ್ವಿರುದ್ಧವಾಗಿ, ನಾಯಿಯ ತೀರ್ಮಾನವನ್ನು ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಯಲ್ಲಿ ನೆಚ್ಚಲಾಗದೆಂದು ತಿರಸ್ಕರಿಸಿತು. ಕೆಂಟುಕಿಯ ನಿಯಮದಲ್ಲಿ ಎಲ್ಲ ಪ್ರಶ್ನೆಗಳೂ ನಾಯಿಯನ್ನು ಕುರಿತವು. ಹಗ್ಗ ಹಿಡಿದವನನ್ನು ಕುರಿತು ಒಂದೂ ಇಲ್ಲ ಎಂಬುದು ಗಮನಿಸಬೇಕಾದ ಅಂಶ. ಆ ಕೊರತೆ ಎಷ್ಟು ದೊಡ್ಡದೆಂಬುದು 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಅಧ್ಯಯನವೊಂದರಿಂದ ಬಯಲಾಯಿತು. ಮಾದಕವಸ್ತು ಮತ್ತು ಸ್ಫೋಟಕ ಪತ್ತೆಯಲ್ಲಿ ಪಳಗಿದ 18 ನಾಯಿಗಳನ್ನು ಅವುಗಳ ಪಾಲಕರೊಡನೆ, ಅಂಥ ಯಾವ ವಸ್ತುವೂ ಇಲ್ಲದ ಕಟ್ಟಡದಲ್ಲಿ ಹುಡುಕಲು ಬಿಟ್ಟು, ಪಾಲಕರಿಗೆ ಮಾತ್ರ ವಸ್ತು ಇದೆಯೆಂದು ಸುಳ್ಳು ಹೇಳಿದಾಗ, 144 ಹುಡುಕಾಟಗಳಲ್ಲಿ ಬಹುಪಾಲು ನಾಯಿ ಇಲ್ಲದ್ದನ್ನು ಕಂಡಿತೆಂಬ ವರದಿಯೊಡನೆ ಮುಗಿದವು. ನಾಯಿ ಪಾಲಕನ ಮುಖ ನೋಡಿತೋ, ಪಾಲಕ ತಾನು ನಂಬಿದ್ದನ್ನೇ ನಾಯಿಯಲ್ಲಿ ಕಂಡನೋ, ಎರಡೂ ಸಂದರ್ಭದಲ್ಲಿ ಮೂಗಿನದೇನೂ ತಪ್ಪಿಲ್ಲ.

ಕನ್ನಡ ಪತ್ರಿಕೆ ಓದುವವರಿಗೆ ಕಳವು, ಕೊಲೆಗಳ ವರದಿಯ ಕೊನೆಯಲ್ಲಿ ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಬಂದು ಪರಿಶೀಲಿಸಿದರೆಂಬ ಸಾಲು ಚಿರಪರಿಚಿತ. ಸಾಲಿನಲ್ಲಿ ಜೊತೆಜೊತೆಯಾಗಿ ಬರುವ ಈ ಇಬ್ಬರನ್ನೂ ಭಾರತದ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬೆರಳಚ್ಚು ತಜ್ಞ ಕಟಕಟೆಗೆ ಬಂದು ತನ್ನ ಅಭಿಪ್ರಾಯಕ್ಕೆ ಕಾರಣ ಕೊಟ್ಟು ಪಾಟೀಸವಾಲನ್ನು ಎದುರಿಸಬಲ್ಲ. ನಾಯಿ ಅದನ್ನು ಮಾಡಲಾರದು. ಬೆಳಗಾವಿಯ ಗಡಿಗೆ ಹತ್ತಿರದ ಮಿರಜ್ ಬಳಿ ನಡೆದ ರೈಲು ವಿಧ್ವಂಸದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ಜಾಡಿನ ನಾಯಿಯ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಬರುವ ಮೂರು ಆಕ್ಷೇಪಗಳನ್ನು ದಾಖಲಿಸಿತು. ನಾಯಿ ತಾನೇ ಸಾಕ್ಷಿ ನುಡಿಯಲಾರದ್ದರಿಂದ ಅದರ ಪರವಾಗಿ ಪಾಲಕ ಹೇಳುವುದು ಕೇಳಿಕೆಯ ಮಾತಾಗುತ್ತದೆ. ಮನುಷ್ಯನ ಪ್ರಾಣ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯನ್ನು ಅವಲಂಬಿಸಬಾರದು. ಒಂದು ವೇಳೆ ಕಾನೂನು ಅದನ್ನು ಒಪ್ಪಿದರೂ, ಅದರ ಬೆಲೆಗೆ ಮೀರಿದ ನಾಟಕೀಯ ಪರಿಣಾಮವನ್ನು ಜ್ಯೂರಿಯ ಮೇಲೆ ಬೀರಬಹುದಾದ್ದರಿಂದ ಅದನ್ನು ಕೈಬಿಡಬೇಕು. ಆಂಧ್ರಪ್ರದೇಶದ ಕೊಲೆ ಪ್ರಕರಣವೊಂದರಲ್ಲಿ 2001ರಲ್ಲಿ ಅದೇ ನ್ಯಾಯಾಲಯ, ನಾಯಿ ತಪ್ಪಾಗಿ ಗ್ರಹಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದಾದ್ದರಿಂದ ಅಪರಾಧದ ತೀರ್ಮಾನಕ್ಕೆ ಅದನ್ನು ಆಧಾರವಾಗಿಸಿಕೊಳ್ಳುವುದು ಸಲ್ಲದೆಂದೂ, ತನಿಖೆ ನಡೆಸುವವರು ಮಾತ್ರ ಅದರ ನೆರವನ್ನು ಪಡೆಯಬಹುದೆಂದೂ ಹೇಳಿತು. ಬಂದ ನಾಯಿಗೆ ಬಾಗಿಲು ತೆರೆಯದವನನ್ನು ಕಳ್ಳನ ಜೊತೆಗಾರನೆಂದು ಬಗೆದ ಸ್ಕಾಟಿಷ್ ಗಡಿಯ ಕಟ್ಟಳೆಗಿಂತ ಇದು ಹೆಚ್ಚು ನ್ಯಾಯವಾದ ನಿಲುವು. ಅದರ ಪ್ರಕಾರ ನಾಯಿ ತೋರಿಸಿದ ದಿಕ್ಕಿನಲ್ಲಿ ಪೊಲೀಸರು ಹುಡುಕಬಹುದು, ಆದರೆ ಶಿಕ್ಷೆಯಾಗಬೇಕಾದರೆ ಅಲ್ಲಿ ಬೇರೆ ಪುರಾವೆ ಸಿಕ್ಕಬೇಕು.